ಮಾಡ್ಕೊಡಿ, ಮಾಡ್ಕೊಳ್ಳಿ

ಬೆಂಗಳೂರಿಗೆ ಹೊಸದಾಗಿ ಬಂದವರು ಬೇಗ ಕಲಿಯುವ ಕನ್ನಡ ವಾಕ್ಯವೊಂದಿದೆ. ಅದರಲ್ಲಿ ಮೂರೇ ಪದ, ನಡುವಿನದು ಇಂಗ್ಲಿಷಿನದು: ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಈ ಮಾತು ಟೀ ಶರ್ಟಿನ ಮೇಲೆ ಹತ್ತಿದೆ, ಕಾಫಿ ಮಗ್ಗಿನ ಮೇಲೆ ಹತ್ತಿದೆ, ಊರಿನ ಗುಣ ಹೊಗಳುವ ಭಾಷಣಗಳಲ್ಲಿ ಗಾದೆಯ ಜಾಗದಲ್ಲಿ ಕೂತಿದೆ. ನಾವು ಸಹನೆಯವರು, ಬಂದವರಿಗೆ ಜಾಗ ಬಿಡುವವರು ಎನ್ನುವುದಕ್ಕೆ ಇದೇ ಸಾಕ್ಷಿಯಂತೆ. ಈ ಹೆಮ್ಮೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಇನ್ನರ್ಧದ ಬಗ್ಗೆ ತಕರಾರಿದೆ. ಪದ ಇಂಗ್ಲಿಷಿನದು ಎಂಬ ಕಾರಣಕ್ಕೆ ಹುಟ್ಟಿದ ತಕರಾರಲ್ಲ ಅದು ಎಂದು ಮೊದಲೇ ಹೇಳಿಬಿಡುತ್ತೇನೆ.

ಈ ಕ್ರಿಯಾಪದದ ದುಡಿಮೆ ನೋಡಬೇಕಾದರೆ ಶ್ರೀಗಂಧದ ಕಾವಲ್‌ನಂಥ ಕಡೆ ನೋಡಬೇಕು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಮಗ್ಗುಲಿಗಿರುವ ಈ ಪ್ರದೇಶದ ಹೆಸರಲ್ಲಿ ಗಂಧದ ಮರ ಇದೆ, ಕಾವಲು ಇದೆ. ನೆಲದ ಮೇಲೆ ಈಗ ಇರುವುದು ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟುಗಳು, ಅವುಗಳ ಮೇಲೆ ಮೂರು ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು ಮೂರು ಬಾಡಿಗೆ ಮನೆ. ಬೆಳಿಗ್ಗೆಯಾದರೆ ಜನ ಪೀಣ್ಯದ ಗಾರ್ಮೆಂಟ್ಸಿಗೆ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಿಗೆ, ರಾಜಾಜಿನಗರ ವಿಜಯನಗರದ ಅಂಗಡಿ ಆಸ್ಪತ್ರೆಗಳಿಗೆ ಹೊರಡುತ್ತಾರೆ. ಕುಣಿಗಲ್ ಮಾಗಡಿ ಕಡೆಯವರು, ಹಾಸನ ಮಂಡ್ಯದವರು, ರಾಯಚೂರು ಕಲಬುರಗಿಯಿಂದ ಬಂದವರು, ತಮಿಳು ತೆಲುಗು ಮನೆಮಾತಿನವರು, ಈಚೆಗೆ ಬಿಹಾರ ಒಡಿಶಾದ ಹುಡುಗರು. ಇಷ್ಟು ಜನ ಇಷ್ಟೇ ಜಾಗದಲ್ಲಿ ಬಾಳುವಾಗ ಯಾವ ಪದಕ್ಕೆ ಹೆಚ್ಚು ಕೆಲಸ ಬೀಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಮಾಗಡಿ ಕಡೆಗೆ ಹೋಗುವ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ ‘ಅಡ್ಜಸ್ಟ್ ಮಾಡಿ’. ಅಂಗಡಿಯಲ್ಲಿ ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಅಡ್ಜಸ್ಟ್ ಮಾಡೋಣ’. ಚೀಟಿ ಹಣ ಎರಡು ದಿನ ತಡವಾದರೆ, ಮದುವೆ ಮನೆಯಲ್ಲಿ ಹಾಸಿಗೆ ಸಾಲದಿದ್ದರೆ, ಗಾರ್ಮೆಂಟ್ಸಿನ ಲೈನಿನಲ್ಲಿ ಒಬ್ಬರು ರಜೆ ಹಾಕಿ ಅವರ ಟಾರ್ಗೆಟ್ ಉಳಿದವರ ತಲೆಗೆ ಬಂದರೆ, ಮನೆ ಮಾಲೀಕರು ದಿನಕ್ಕೊಂದೇ ಸಲ ಮೋಟಾರು ಹಾಕಿದರೆ, ಹೊಸ ಸೊಸೆಗೆ ಅತ್ತೆಮನೆಯ ರೂಢಿ ಹಿಡಿಸದಿದ್ದರೆ, ಎಲ್ಲಕ್ಕೂ ಇದೊಂದೇ ಪದ. ಇವೆಲ್ಲ ಒಂದೇ ಕ್ರಿಯೆಯೇ?

ಕನ್ನಡ ಇವನ್ನೆಲ್ಲ ಒಂದೇ ಎಂದುಕೊಂಡಿರಲಿಲ್ಲ. ಸೀಟಿನಲ್ಲಿ ಜಾಗ ಬೇಕಾದರೆ ‘ಸ್ವಲ್ಪ ಸರ್ಕೊಳ್ಳಿ’ ಎನ್ನುತ್ತೇವೆ. ಇದ್ದುದರಲ್ಲೇ ನಡೆಸಿಕೊಂಡು ಹೋಗುವುದು ಸುಧಾರಿಸಿಕೊಳ್ಳುವುದು. ಬರುವ ಸಂಬಳಕ್ಕೂ ಹೋಗುವ ಖರ್ಚಿಗೂ ತಾಳೆ ಮಾಡುವುದು ತೂಗಿಸುವುದು. ಹೊಸ ಊರಿನ ನೀರು ಮೈಗೆ ಒಗ್ಗುತ್ತದೆ. ಸ್ವಭಾವಗಳು ಹೊಂದಿಕೊಳ್ಳುತ್ತವೆ. ಕಷ್ಟವನ್ನು ತಾಳಿಕೊಳ್ಳುತ್ತೇವೆ. ಧಾರವಾಡದ ಕಡೆಯವರು ಸಂಭಾಳಿಸಿಕೊಂಡು ಹೋಗುತ್ತಾರೆ. ಈ ಕ್ರಿಯಾಪದಗಳಲ್ಲಿ ಪ್ರತಿಯೊಂದೂ ತನ್ನ ಹೊಟ್ಟೆಯಲ್ಲಿ ಒಂದು ಸಂಗತಿ ಇಟ್ಟುಕೊಂಡಿದೆ. ‘ಸುಧಾರಿಸಿಕೋ’ ಎಂದವರು ಏನೋ ಕಡಿಮೆ ಬಿದ್ದಿದೆ ಎಂದು ಒಪ್ಪಿಕೊಂಡೇ ಹೇಳುತ್ತಾರೆ. ‘ತಾಳಿಕೋ’ ಎಂದವರು ಎದುರಿನವರಿಗೆ ನೋವಿದೆ ಎಂದು ಒಪ್ಪಿಕೊಂಡಿರುತ್ತಾರೆ. ‘ತೂಗಿಸು’ ಎಂದಾಗ ಎರಡು ತಟ್ಟೆಗಳು ಕಣ್ಣೆದುರು ಬರುತ್ತವೆ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದವರು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಕೊರತೆ ಯಾರಿಂದ ಆಯಿತು, ನೋವು ಯಾರಿಗೆ, ಎಷ್ಟು ದಿನ, ಯಾವುದನ್ನೂ ಈ ಪದ ಕೇಳುವುದಿಲ್ಲ. ಅದರ ಜನಪ್ರಿಯತೆಯ ಗುಟ್ಟು ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಇನ್ನೊಂದು ಗುಟ್ಟೂ ಇದೆ, ಅದು ಒಳ್ಳೆಯದು. ‘ಸಂಭಾಳಿಸ್ರಿ’ ಎಂದರೆ ಮಾತನಾಡಿದವರ ಊರು ಗೊತ್ತಾಗುತ್ತದೆ, ‘ಸುಧಾರಿಸ್ಕಳಿ’ ಎಂದರೂ ಗೊತ್ತಾಗುತ್ತದೆ, ಕೆಲವು ಪದಗಳಿಂದ ಜಾತಿಯ ಜಾಡೂ ಹತ್ತುತ್ತದೆ. ಅಡ್ಜಸ್ಟ್‌ಗೆ ಊರಿಲ್ಲ, ಕೇರಿಯಿಲ್ಲ. ಕಲಬುರಗಿಯ ಗಾರೆ ಕೆಲಸದವರೂ ಕುಣಿಗಲ್ಲಿನ ಮನೆ ಮಾಲೀಕರೂ ತಮಿಳು ಮಾತನಾಡುವ ಪಕ್ಕದ ಮನೆಯವರೂ ಸಂಕೋಚವಿಲ್ಲದೆ ಆಡಬಲ್ಲ ಪದ ಅದು. ವಲಸೆಯಿಂದ ಬೆಳೆದ ಬಡಾವಣೆಗೆ ಇಂಥ ಒಂದು ಸಾಮಾನ್ಯ ನಾಣ್ಯ ಬೇಕೇ ಬೇಕು. ಹಾಗಾಗಿ ‘ಇದರ ಬದಲು ಅಚ್ಚಗನ್ನಡ ಪದ ಬಳಸಿ’ ಎನ್ನುವವರ ಮಾತಿನಿಂದ ಇಲ್ಲಿ ಹೆಚ್ಚೇನೂ ಆಗದು. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂಶಯಗಳನ್ನು ಬಿಡಿಸಿದರು. ಡಿ. ಎನ್. ಶಂಕರ ಭಟ್ಟರು ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಪದಗಳನ್ನು ಕಟ್ಟಿ ಕೊಟ್ಟರು. ಎರಡೂ ದೊಡ್ಡ ಕೆಲಸಗಳೇ. ಆದರೆ ಕೊಟ್ಟ ಪದವನ್ನು ಬಸ್ಸಿನಲ್ಲಿ ಆಡುವ ಬಾಯಿಯೂ ಬೇಕಲ್ಲ.

ಅಷ್ಟಕ್ಕೂ ಪದ ನಿಜವಾಗಿ ಇಂಗ್ಲಿಷಿನದಾಗಿ ಉಳಿದಿದೆಯೇ? ಕನ್ನಡ ಹೊರಗಿನ ಕ್ರಿಯಾಪದವನ್ನು ಕ್ರಿಯಾಪದವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಸ್ಕೃತದಿಂದ ಬಂದದ್ದಕ್ಕೆ ‘ಇಸು’ ಹಚ್ಚಿತು: ರಕ್ಷಿಸು, ಭಾವಿಸು, ಚಿಂತಿಸು. ಪಾರಸಿ ಅರಬ್ಬಿ ಮೂಲದಿಂದ ಬಂದದ್ದನ್ನು ಹೆಸರಾಗಿ ಇಟ್ಟುಕೊಂಡು ಪಕ್ಕದಲ್ಲಿ ‘ಮಾಡು’ ಕೂರಿಸಿತು: ಜಮಾ ಮಾಡು, ರದ್ದು ಮಾಡು, ವಜಾ ಮಾಡು, ಜಾರಿ ಮಾಡು. ಇಂಗ್ಲಿಷಿನವರು ಈ ಎರಡನೇ ಸಾಲಿನಲ್ಲಿ ನಿಂತರು. ‘ಅಡ್ಜಸ್ಟಿಸು’ ಎಂದು ತಮಾಷೆಗಲ್ಲದೆ ಯಾರೂ ಹೇಳುವುದಿಲ್ಲ. ಅಂದರೆ ಇಂಗ್ಲಿಷಿನಿಂದ ಬಂದದ್ದು ಬರೀ ಸಿಪ್ಪೆ. ಯಾರು ಮಾಡಬೇಕು, ಯಾರಿಗಾಗಿ, ಯಾರ ಮೇಲೆ ಎಂಬ ತಿರುಳನ್ನೆಲ್ಲ ಪಕ್ಕದಲ್ಲಿ ಕೂತ ಕನ್ನಡ ಕ್ರಿಯಾಪದವೇ ಹೇಳುತ್ತದೆ. ನನ್ನ ವಾದ ನಿಂತಿರುವುದೂ ಆ ಪಕ್ಕದ ಪದದ ಮೇಲೆಯೇ.

ಮೂರು ರೂಪಗಳನ್ನು ಗಮನಿಸಿ. ಬಸ್ಸಿನಲ್ಲಿ ಕೇಳುವುದು ‘ಅಡ್ಜಸ್ಟ್ ಮಾಡಿ’. ಮನೆ ಮಾಲೀಕರ ಬಾಗಿಲಲ್ಲಿ ನಿಂತು ಬಾಡಿಗೆದಾರರು ಹೇಳುವುದು ‘ಈ ತಿಂಗಳು ಐದನೇ ತಾರೀಖಿನ ತನಕ ಅಡ್ಜಸ್ಟ್ ಮಾಡ್ಕೊಡಿ ಸಾರ್’. ಅದೇ ಮಾಲೀಕರು ಮಹಡಿಯಿಂದ ಬಗ್ಗಿ ಹೇಳುವುದು ‘ಬೋರ್‌ನಲ್ಲಿ ನೀರಿಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಮೊದಲನೆಯದರಲ್ಲಿ ಸರಿಸಾಟಿಯವರ ಮಾತು. ಎರಡನೆಯದರಲ್ಲಿ ‘ಕೊಡು’ ಇದೆ, ಮೂರನೆಯದರಲ್ಲಿ ‘ಕೊಳ್ಳು’. ಕೆಳಗಿನವರು ಮೇಲಿನವರನ್ನು ಕೇಳುವಾಗ ಕೊಡಿ ಎನ್ನುತ್ತಾರೆ. ಮೇಲಿನವರು ಕೆಳಗಿನವರಿಗೆ ಹೇಳುವಾಗ ಕೊಳ್ಳಿ ಎನ್ನುತ್ತಾರೆ. ತಾಲ್ಲೂಕು ಕಚೇರಿಯ ಕಿಟಕಿಯ ಈಚೆ ನಿಂತವರು ‘ಮಾಡ್ಕೊಡಿ’, ಆಚೆ ಕೂತವರು ‘ಮಾಡ್ಕೊಳ್ಳಿ’. ಗಾರ್ಮೆಂಟ್ಸಿನಲ್ಲಿ ಅರ್ಧ ದಿನ ರಜೆ ಬೇಕಾದ ಹೆಂಗಸು ‘ಮಾಡ್ಕೊಡಿ’, ಸಂಜೆ ಅರ್ಧ ಗಂಟೆ ಹೆಚ್ಚು ನಿಲ್ಲಿಸುವ ಸೂಪರ್‌ವೈಸರ್ ‘ಮಾಡ್ಕೊಳ್ಳಿ’. ಎಲ್ಲ ಸಂದರ್ಭದಲ್ಲೂ ಈ ಲೆಕ್ಕ ಪಕ್ಕಾ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಗೆಳೆಯರ ನಡುವೆ ‘ಮಾಡ್ಕೋ ಗುರು’ ಎನ್ನುವುದೂ ಉಂಟು. ಆದರೂ ಒಂದು ದಿನ ಕಿವಿ ಕೊಟ್ಟು ಕೇಳಿದರೆ ಈ ಬೀದಿಯಲ್ಲಿ ಯಾರ ಕೈ ಮೇಲಿದೆ ಎಂಬುದನ್ನು ಈ ಎರಡು ಕ್ರಿಯಾಪದಗಳಿಂದಲೇ ಗುರುತು ಹಾಕಬಹುದು.

ಕೊಡುಕೊಳ್ಳುವಿಕೆ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಇವತ್ತು ‘ಮಾಡ್ಕೊಡಿ’ ಎಂದವರು ನಾಳೆ ‘ಮಾಡ್ಕೊಳ್ಳಿ’ ಎನ್ನುವ ಸ್ಥಿತಿಯಲ್ಲಿದ್ದರೆ, ಅಲ್ಲಿ ಅಡ್ಜಸ್ಟ್ ಎಂಬುದು ನಿಜವಾಗಿಯೂ ಊರಿನ ಸದ್ಗುಣ. ಬಸ್ಸಿನಲ್ಲಿ ಅದು ಹಾಗೇ ಇದೆ. ಇಂದು ಸರಿದು ಕೂತವರು ನಾಳೆ ನಾಲ್ಕನೆಯವರಾಗಿ ಹತ್ತುತ್ತಾರೆ, ತಮ್ಮ ಸ್ಟಾಪು ಬಂದಾಗ ಆ ಹೊಂದಾಣಿಕೆ ಮುಗಿದೂ ಹೋಗುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ಇನ್ನಷ್ಟು ತುಂಬಿದವು, ಸರಿದು ಕೂರುವುದೂ ಹೆಚ್ಚಿತು. ಟೀ ಶರ್ಟಿನ ಹೆಮ್ಮೆಗೆ ನಾನು ಕೊಟ್ಟ ಅರ್ಧ ಒಪ್ಪಿಗೆ ಈ ಸೀಟಿನದು. ಒಬ್ಬರ ಬಾಯಲ್ಲಿ ಬರೀ ‘ಕೊಳ್ಳಿ’, ಇನ್ನೊಬ್ಬರ ಬಾಯಲ್ಲಿ ಬರೀ ‘ಕೊಡಿ’ ಇರುವ ಕಡೆಗೆ ಸೀಟಿನ ಸದ್ಗುಣವನ್ನು ಎಳೆದು ತರುವುದು ಮೋಸ.

ಇಂಗ್ಲಿಷಿನಲ್ಲಿ ಈ ಪದದ ಹುಟ್ಟೇ ಕುತೂಹಲದ್ದು. ಅದು ಫ್ರೆಂಚಿನ ದಾರಿಯಲ್ಲಿ ಬಂದದ್ದು, ಹಿಂದೆ ಲ್ಯಾಟಿನ್ನಿನಲ್ಲಿ ‘ಹತ್ತಿರ’ ಎಂಬ ಅರ್ಥದ ‘ಯುಕ್ಸ್ತಾ’ ಇದೆ, ಅಂದರೆ ಹತ್ತಿರ ತರುವುದು ಮೂಲಾರ್ಥ. ನಡುವೆ ಎಲ್ಲೋ ಜನ ಅದನ್ನು ‘ನ್ಯಾಯವಾದದ್ದು’ ಎಂಬ ಅರ್ಥದ ‘ಯುಸ್ತುಸ್’ ಜೊತೆ ಕಲಸಿಕೊಂಡರು, ಪದಕ್ಕೆ ಸರಿಯಾಗಿ ಕೂರಿಸುವುದು, ಲೆಕ್ಕ ಸರಿ ಮಾಡುವುದು ಎಂಬ ಅರ್ಥಗಳು ಅಂಟಿದವು. ಈಗಲೂ ಆ ಭಾಷೆಯಲ್ಲಿ ಕನ್ನಡಿಯನ್ನೋ ಬೆಲೆಯನ್ನೋ ವಿಮೆಯ ಪರಿಹಾರವನ್ನೋ ಅಡ್ಜಸ್ಟ್ ಮಾಡುತ್ತಾರೆ. ಮಾಡಲ್ಪಡುವ ವಸ್ತು ವಾಕ್ಯದಲ್ಲಿ ಎದ್ದು ಕಾಣುತ್ತದೆ. ನಮ್ಮಲ್ಲಿ ಆ ವಸ್ತುವೇ ಕಳಚಿ ಬಿದ್ದಿದೆ. ಏನನ್ನು ಅಡ್ಜಸ್ಟ್ ಮಾಡಬೇಕು ಎಂದು ಕೇಳಿದರೆ ಹೇಳಿದವರೇ ತಬ್ಬಿಬ್ಬಾಗುತ್ತಾರೆ. ಮಾಡಬೇಕಾದದ್ದು ನಮ್ಮನ್ನು ನಾವೇ.

ವಸ್ತು ಕಳಚದೆ ಉಳಿದ ಜಾಗಗಳೂ ಇದೇ ಬೀದಿಗಳಲ್ಲಿವೆ. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತವರಿಗೆ ‘ಸ್ವಲ್ಪ ಅಡ್ಜಸ್ಟ್ ಮಾಡು’ ಎಂದು ಹೇಳಿ ನೋಡಿ. ಎಷ್ಟು ಮೈಕ್ರಾನ್ ಎಂದು ತಿರುಗಿ ಕೇಳುತ್ತಾರೆ. ಗ್ಯಾರೇಜಿನ ಮೆಕ್ಯಾನಿಕ್ ಬೈಕಿನ ಟ್ಯಾಪೆಟ್ ಅಡ್ಜಸ್ಟ್ ಮಾಡುವಾಗ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಸಂದು ಬಿಡಬೇಕು, ಅದಕ್ಕೆ ಫೀಲರ್ ಗೇಜ್ ಎಂಬ ತೆಳು ಪಟ್ಟಿ ಇದೆ. ಸಂದು ಹೆಚ್ಚಾದರೆ ಎಂಜಿನ್ ಕಟಕಟ ಎನ್ನುತ್ತದೆ, ತೀರಾ ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಯಾವುದನ್ನು, ಎಷ್ಟು, ಯಾವ ಕಡೆಗೆ ಎಂದು ತಿಳಿಯದೆ ಇಲ್ಲಿ ಸ್ಪ್ಯಾನರ್ ಮುಟ್ಟುವವರಿಲ್ಲ. ಇದೇ ಕೆಲಸಗಾರರು ಸಂಜೆ ಮನೆಗೆ ಹೋಗಿ ನೀರಿನ ವಿಷಯಕ್ಕೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಕೇಳಿಸಿಕೊಂಡಾಗ ಎಷ್ಟು ಎಂದು ಕೇಳುವುದಿಲ್ಲ. ಕೇಳುವ ಹಕ್ಕು ಶೆಡ್ಡಿನ ಬಾಗಿಲಲ್ಲೇ ಉಳಿದಿರುತ್ತದೆ.

ಬಾಡಿಗೆಯ ಅಡ್ವಾನ್ಸ್ ಈ ಎರಡರ ನಡುವಿನ ಜಾಗ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬೆಂಗಳೂರಿನ ಹಳೆಯ ಚಾಳಿ. ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳದ್ದು ಹಿಡಿದು, ನಲ್ಲಿ ಮುರಿದದ್ದು, ಗೋಡೆಗೆ ಮೊಳೆ ಹೊಡೆದದ್ದು ಎಲ್ಲ ಸೇರಿಸಿ ‘ಅಡ್ಜಸ್ಟ್’ ಮಾಡಿ ಉಳಿದದ್ದನ್ನು ಕೊಡುತ್ತಾರೆ. ಬಾಡಿಗೆದಾರರೂ ಕಡಿಮೆಯವರಲ್ಲ, ಕಡೆಯ ಎರಡು ತಿಂಗಳು ಬಾಡಿಗೆ ಕೊಡದೆ ‘ಅಡ್ವಾನ್ಸಿನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುತ್ತಾರೆ. ಕೆಳಗಿನವರ ಬಾಯಲ್ಲಿ ‘ಕೊಳ್ಳಿ’ ಬರುವ ಅಪರೂಪದ ಗಳಿಗೆ ಅದು! ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡ ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಏನೇ ಇರಲಿ, ಅಡ್ವಾನ್ಸಿನ ಅಡ್ಜಸ್ಟ್‌ನಲ್ಲಿ ಜಗಳವಾಡಲು ಒಂದು ಮೊತ್ತವಾದರೂ ಕೈಗೆ ಸಿಗುತ್ತದೆ. ಜಗಳ ಸಾಧ್ಯವಾಗುವ ಅಡ್ಜಸ್ಟ್ ಒಳ್ಳೆಯ ಅಡ್ಜಸ್ಟ್ ಎಂದು ನನ್ನ ಎಣಿಕೆ.

ಮೊತ್ತವೇ ಸಿಗದ ಕಡೆ ಸಂಸಾರ. ಗಂಡನ ಮನೆಯಿಂದ ಅಳುತ್ತ ಬಂದ ಮಗಳಿಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಎನ್ನುವ ತಾಯಿ ಕೆಟ್ಟವಳಲ್ಲ, ಅವಳಿಗೆ ಬೇರೆ ದಾರಿ ಕಂಡಿರುವುದಿಲ್ಲ. ಇಲ್ಲಿ ಇಂಗ್ಲಿಷನ್ನು ದೂರಿ ಫಲವಿಲ್ಲ. ಈ ಪದ ಬರುವ ಮೊದಲು ಅದೇ ತಾಯಿಯ ತಾಯಿ ‘ಅನುಸರಿಸಿಕೊಂಡು ಹೋಗು’ ಎಂದಿದ್ದಳು, ಅದರ ಹಿಂದೆಯೂ ಏನೋ ಒಂದು ಇದ್ದಿರಬೇಕು. ವ್ಯತ್ಯಾಸ ಒಂದೇ. ‘ಅನುಸರಿಸು’ ಎಂದಾಗ ಯಾರ ಹಿಂದೆ ಯಾರು ನಡೆಯಬೇಕು ಎಂಬುದು ನಾಚಿಕೆಯಿಲ್ಲದೆ ಬಯಲಾಗಿತ್ತು. ‘ಅಡ್ಜಸ್ಟ್’ ಅದಕ್ಕೆ ಇಬ್ಬರೂ ಸಮಾನರು ಎಂಬ ಪುಡಿ ಬಳಿಯಿತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಲ್ಲಿ ಬಂತು. ಅದು ಹೊಡೆತವನ್ನಷ್ಟೇ ಅಲ್ಲದೆ ಬೈಗುಳವನ್ನೂ, ಖರ್ಚಿಗೆ ಕಾಸು ಕೊಡದಿರುವುದನ್ನೂ ದೌರ್ಜನ್ಯ ಎಂದು ಹೆಸರಿಟ್ಟು ಕರೆಯಿತು. ಕಾನೂನು ಹೆಸರಿಟ್ಟದ್ದನ್ನೆಲ್ಲ ಮನೆಯೊಳಗೆ ಒಂದು ಪದ ಮುಚ್ಚಿ ಹಾಕುತ್ತಿದೆ.

ಈ ಮುಚ್ಚುವ ಗುಣ ತುದಿ ಮುಟ್ಟಿದ ಉದಾಹರಣೆ ಪಕ್ಕದ ಕೇರಳದಿಂದ ಸಿಕ್ಕಿತು. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ಪರಿಶೀಲಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂದಾಗ, ಅವಕಾಶಕ್ಕೆ ಬದಲಾಗಿ ದೇಹ ಕೇಳುವುದಕ್ಕೆ ಅಲ್ಲಿ ಬಳಕೆಯಲ್ಲಿದ್ದ ಎರಡು ಪದಗಳು ಬಯಲಾದವು: ಅಡ್ಜಸ್ಟ್‌ಮೆಂಟ್, ಕಾಂಪ್ರಮೈಸ್. ಮರುತಿಂಗಳೇ ಕನ್ನಡ ಚಿತ್ರರಂಗದವರ ‘ಫೈರ್’ ಸಂಘಟನೆ ಇಲ್ಲಿಯೂ ಅಂಥ ಸಮಿತಿ ಬೇಕು ಎಂದು ಮುಖ್ಯಮಂತ್ರಿಗಳನ್ನು ಕೇಳಿತು. ರಾಜಕಾರಣದಲ್ಲೂ ಪದ ಇಳಿದದ್ದು ಹೀಗೇ. 2023ರ ವಿಧಾನಸಭಾ ಚುನಾವಣೆ ಮುಗಿದ ಮೇಲೆ ಸೋತ ಪಕ್ಷದವರೇ ತಮ್ಮ ನಾಯಕರ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ದ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ಪತ್ರಿಕೆಗಳು ಅದನ್ನು ‘ಹೊಂದಾಣಿಕೆ ರಾಜಕಾರಣ’ ಎಂದು ಕನ್ನಡಿಸಿದವು. ಪದ ಬದಲಾಯಿತು, ವ್ಯವಹಾರ ಬದಲಾಗಲಿಲ್ಲ. ಶುದ್ಧ ಕನ್ನಡ ನಮ್ಮನ್ನು ಇದರಿಂದ ಪಾರು ಮಾಡುತ್ತದೆ ಎನ್ನುವವರು ‘ದಯವಿಟ್ಟು ಸಹಕರಿಸಿ’ ಎಂಬ ಸರ್ಕಾರಿ ಫಲಕವನ್ನೂ ನೆನಪಿಸಿಕೊಳ್ಳಬಹುದು. ಸಾರ್ವಜನಿಕರಿಗೆ ಹೇಳುವ ‘ಮಾಡ್ಕೊಳ್ಳಿ’ ಅದು, ಇಸ್ತ್ರಿ ಹಾಕಿದ ಬಟ್ಟೆಯಲ್ಲಿ.

ಸರ್ಕಾರಿ ಮಾತು ಬಂತಲ್ಲ, ನೀರಿನ ಲೆಕ್ಕ ಹೇಳಿಬಿಡುತ್ತೇನೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡದ್ದು 2007ರಲ್ಲಿ. ಆಗ ಸುತ್ತಲಿನ ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಊರಿನೊಳಗೆ ಸೇರಿದವು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷ. ಅಷ್ಟೂ ವರ್ಷ ಊರಿನ ಅಂಚಿನವರು ಬೋರ್‌ವೆಲ್, ಟ್ಯಾಂಕರುಗಳಲ್ಲಿ ಅಡ್ಜಸ್ಟ್ ಮಾಡಿಕೊಂಡರು. 2024ರ ಮಾರ್ಚಿನಲ್ಲಿ ನೀರು ಊರಿಗೆಲ್ಲ ಸಾಲದಾದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಕಾರೂ ತೋಟವೂ ಇರುವವರಿಗೆ ‘ಮಾಡ್ಕೊಳ್ಳಿ’ ಎಂದು ಹೇಳಿದ ಅಪರೂಪದ ಆದೇಶ ಅದು. ಅದರಲ್ಲಿ ಏನು ಮಾಡಬಾರದು, ಮಾಡಿದರೆ ಎಷ್ಟು ಎಂಬುದು ಬರವಣಿಗೆಯಲ್ಲಿತ್ತು. ಬಾಡಿಗೆ ಮನೆಗಳ ಕೊಡಗಳಿಗೆ 17 ವರ್ಷದಲ್ಲಿ ಅಂಥ ಸ್ಪಷ್ಟತೆ ಎಂದೂ ಸಿಕ್ಕಿರಲಿಲ್ಲ.

ಒಪ್ಪದೆ ನಿಂತವರೂ ಇದ್ದಾರೆ, ಅವರು ಇಂಥ ಬಡಾವಣೆಗಳ ಹೆಂಗಸರು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ತಿದ್ದಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸಿನ ಹೆಂಗಸರಿಗೆ ಪಿಎಫ್ ಎಂದರೆ ಮುಪ್ಪಿನ ಹಣವಲ್ಲ. ಕೆಲಸ ಬಿಟ್ಟಾಗ ಕೈಗೆ ಬಂದು ಮಕ್ಕಳ ಫೀಸಿಗೋ ಹೆರಿಗೆಗೋ ಚೀಟಿ ಸಾಲಕ್ಕೋ ಹೋಗುವ ಹಣ. ಸೂಜಿಯ ಮುಂದೆ ಕಣ್ಣು, ಬೆನ್ನು ಸವೆಸುವ ಈ ಕೆಲಸದಲ್ಲಿ 58ರ ತನಕ ಉಳಿಯುವವರು ಎಷ್ಟು ಮಂದಿ? ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಎದ್ದು ಬಂದು ರಸ್ತೆಯಲ್ಲಿ ಕೂತರು. ಮರುದಿನ ಅದು ಪೀಣ್ಯ, ತುಮಕೂರು ರಸ್ತೆಯ ತನಕ ಹಬ್ಬಿತು. ದೊಡ್ಡ ಯೂನಿಯನ್ನಿನ ಕರೆ ಇರಲಿಲ್ಲ, ಮುಂದೆ ನಿಂತ ಹೆಸರಾಂತ ನಾಯಕರಿರಲಿಲ್ಲ. ಕೆಲವೆಡೆ ಕಲ್ಲು ಬಿತ್ತು, ವಾಹನಗಳು ಸುಟ್ಟವು, ಪೊಲೀಸರು ಲಾಠಿ ಬೀಸಿದರು. 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ಹಿಂತೆಗೆದುಕೊಂಡದ್ದಾಗಿ ಪ್ರಕಟಿಸಿದರು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಎರಡು ದಿನ, ಹಣ ಯಾರದು, ಎಲ್ಲಿಯ ತನಕ ಎಂಬ ಲೇತ್ ಶೆಡ್ಡಿನ ಪ್ರಶ್ನೆಗಳನ್ನು ದೆಹಲಿಗೆ ಕೇಳಿಸಿದ್ದು ದಿನವಿಡೀ ‘ಮಾಡ್ಕೊಳ್ಳಿ’ ಎಂಬ ಮಾತು ಕೇಳುತ್ತ ದುಡಿಯುವ ಈ ಹೆಂಗಸರೇ.

ಅದೇ ಪ್ರಶ್ನೆಗಳಿಗೆ ಮಾಗಡಿ ರಸ್ತೆಯಲ್ಲಿ ಮತ್ತೆ ಕೆಲಸ ಬೀಳಲಿದೆ. ನಮ್ಮ ಮೆಟ್ರೋದ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಎರಡನೇ ಮಾರ್ಗ ಹೊಸಹಳ್ಳಿಯಿಂದ ಕಡಬಗೆರೆಗೆ, ಮಾಗಡಿ ರಸ್ತೆಯ ಮೇಲೆಯೇ 12.5 ಕಿಲೋಮೀಟರ್, 9 ನಿಲ್ದಾಣ. ಬರಬೇಕಾದದ್ದೇ, ಬರಲಿ. ಕಂಬ ಏಳುವ ಕಾಲಕ್ಕೆ ತಗಡಿನ ಬೇಲಿಯ ಮೇಲೆ ‘ಸಹಕರಿಸಿ’ ಎಂಬ ಫಲಕ ಬೀಳುತ್ತದೆ, ವಾರ್ಡಿನ ಮುಖಂಡರು ಬಂದು ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುತ್ತಾರೆ. ಆಗ ಬೇಲಿ ಯಾವ ತಾರೀಖಿಗೆ ಬಂದು ಯಾವ ತಾರೀಖಿಗೆ ಹೋಗುತ್ತದೆ, ಸುಂಕದಕಟ್ಟೆಯ ಬಸ್ ಸ್ಟಾಪು ಎಷ್ಟು ಅಡಿ ಆಚೆಗೆ ಹೋಗುತ್ತದೆ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಎಷ್ಟು ಅಗಲದ ದಾರಿ ಉಳಿಯುತ್ತದೆ, ಗಿರಾಕಿ ಬಾರದೆ ಮುಚ್ಚುವ ಅಂಗಡಿಯ ಬಾಡಿಗೆ ಯಾರ ಲೆಕ್ಕಕ್ಕೆ ಎಂದು ಬರವಣಿಗೆಯಲ್ಲಿ ಕೇಳಬೇಕಾಗುತ್ತದೆ. ಆ ಪತ್ರವನ್ನು ‘ಅಡ್ಜಸ್ಟ್ ಮಾಡ್ಕೊಡಿ ಸಾರ್’ ಎಂದು ಶುರು ಮಾಡಬೇಕಾಗಿಲ್ಲ.